ತಪಸ್ಸುಕಾಲದ ಧ್ಯಾನಕೂಟ: ಶನಿವಾರ ಬೆಳಗಿನ ಪ್ರಬೋಧನೆಗಾದರೂ ಹೋಗಿ

ಬೆಂಗಳೂರಿನ ಹೊರವಲಯದ ಒಂದು ಕಥೋಲಿಕ ಧ್ಯಾನಕೇಂದ್ರದಲ್ಲಿ ಈ ವರ್ಷ ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸ-ಪ್ರಾರ್ಥನೆಯ ದಿನಗಳು) ಕನ್ನಡ ಧ್ಯಾನಕೂಟಕ್ಕೆ ಹೋಗಿದ್ದೆ. ಶುಕ್ರವಾರ ಸಂಜೆ ಶುರು, ಭಾನುವಾರ ಮಧ್ಯಾಹ್ನದ ಊಟಕ್ಕೆ ಮುಕ್ತಾಯ. ವಸತಿ, ಊಟ, ತಿಂಡಿ ಎಲ್ಲ ಸೇರಿ ತಲೆಗೆ 1,200 ರೂಪಾಯಿ. ಹೊಗಳುವ ಮಾತಿನ ಜೊತೆ ದೂರುವ ಮಾತೂ ಇರುವುದರಿಂದ ಕೇಂದ್ರದ ಹೆಸರು ಬರೆಯುತ್ತಿಲ್ಲ. ಇಂಥ ಕೂಟಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ರೀತಿ ನಡೆಯುತ್ತವೆ. ನೀವು ಎಲ್ಲಿಗೆ ಹೋಗುವವರಿದ್ದರೂ ಈ ಬರಹ ಉಪಯೋಗಕ್ಕೆ ಬರಬಹುದು.

ನಾನು ಹೋದದ್ದು ತಂಗಿಯ ಒಂದು ಪ್ರಶ್ನೆ ಹಿಡಿದುಕೊಂಡು. ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಬಡಾವಣೆಯ ಚರ್ಚಿನಲ್ಲಿ, ಒಬ್ಬರು ಚೀಟಿ ನಡೆಸುತ್ತಿದ್ದರು. ತಂಗಿ ಮಗಳ ನರ್ಸಿಂಗ್ ಓದಿಗೆಂದು ಅದರಲ್ಲಿ 1,40,000 ರೂಪಾಯಿ ಕಟ್ಟಿದ್ದಳು. ಅವಳಂಥ ಹೆಂಗಸರು ಇನ್ನೂ ಹಲವರಿದ್ದರು. ಚೀಟಿ ಮುಳುಗಿತು. ಮುಳುಗಿತು ಅನ್ನುವುದೂ ಸರಿಯಲ್ಲ, ದುಡ್ಡು ಅವರ ಮನೆಯ ಎರಡನೇ ಮಹಡಿಗೆ ಹೋಯಿತು ಎಂದು ಬೀದಿಗೆಲ್ಲ ಗೊತ್ತು. ಆ ಮನುಷ್ಯ ಈಗಲೂ ಪ್ರತಿ ಭಾನುವಾರ ಪೂಜೆಗೆ ಬರುತ್ತಾರೆ. ಪೂಜೆಯಲ್ಲಿ ಬೈಬಲ್ ವಾಚನ ಓದುತ್ತಾರೆ. ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸುತ್ತಾರೆ. ತಂಗಿ ಒಮ್ಮೆ ಚರ್ಚಿನ ಅಂಗಳದಲ್ಲೇ ಹಣ ಕೇಳಿದಾಗ, "ನಾನು ಪಾಪನಿವೇದನೆ ಮಾಡಿದ್ದೇನಮ್ಮ, ಯೇಸುಸ್ವಾಮಿ ನನ್ನನ್ನು ಕ್ಷಮಿಸಿದ್ದಾರೆ" ಎಂದುಬಿಟ್ಟರು. ಪಾಪನಿವೇದನೆ ಅಂದರೆ ಗುರುಗಳ ಮುಂದೆ ಗುಟ್ಟಾಗಿ ಪಾಪ ಒಪ್ಪಿಕೊಂಡು ದೇವರ ಕ್ಷಮೆ ಪಡೆಯುವುದು. ಹಣದ ಬಗ್ಗೆ ಒಂದು ಮಾತೂ ಇಲ್ಲ. ಅವತ್ತು ರಾತ್ರಿ ತಂಗಿ ನನ್ನನ್ನು ಕೇಳಿದಳು: "ಅಕ್ಕ, ಇವರೂ ಸ್ವರ್ಗಕ್ಕೆ ಹೋಗ್ತಾರಾ? ಹೋದರೆ ನಾನು ಅಲ್ಲಿ ಇವರ ಪಕ್ಕ ಕೂರಬೇಕಾ?"

ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಹೆಸರು ಬರೆಸಿದೆ.

ಮೊದಲು ಜಾಗದ ಬಗ್ಗೆ. ಬಿಎಂಟಿಸಿ ಬಸ್ಸಿಳಿದು ಆಟೋ ಹಿಡಿಯಬೇಕು. ವಯಸ್ಸಾದವರು ಒಬ್ಬರೇ ಬರುವುದು ಕಷ್ಟ. ಹೆಂಗಸರಿಗೆ ಹಾಲ್‌ನಲ್ಲಿ ಸಾಲಾಗಿ ಮಂಚ, ತೆಳು ಹಾಸಿಗೆ. ಹೊದಿಕೆ ನೀವೇ ತರಬೇಕು. ಬಿಸಿನೀರು ಬೆಳಗ್ಗೆ ಐದೂವರೆಗೆ ಬರುತ್ತದೆ, ಆರೂವರೆಯೊಳಗೆ ಮುಗಿಯುತ್ತದೆ. ಶೌಚಾಲಯ ಸ್ವಚ್ಛವಾಗಿದೆ, ಆದರೆ ಇರುವ ಜನಕ್ಕೆ ಸಾಲದು. ತಪಸ್ಸುಕಾಲವಾದ್ದರಿಂದ ಸಸ್ಯಾಹಾರ ಮಾತ್ರ: ಬೆಳಗ್ಗೆ ಉಪ್ಪಿಟ್ಟು ಇಲ್ಲವೇ ಇಡ್ಲಿ, ಮಧ್ಯಾಹ್ನ ಅನ್ನ, ಹುಳಿ, ಪಲ್ಯ, ಮಜ್ಜಿಗೆ. ಸಕ್ಕರೆ ಕಾಯಿಲೆ ಇರುವವರಿಗೆ ರಾತ್ರಿ ಚಪಾತಿ ಮಾಡಿಕೊಟ್ಟರು, ಕೇಳದೆಯೇ. ಅಡುಗೆಮನೆಯ ಸಿಸ್ಟರ್‌ಗೆ ದೊಡ್ಡ ನಮಸ್ಕಾರ.

ಶುಕ್ರವಾರ ಸಂಜೆ ಶಿಲುಬೆಹಾದಿ, ಬಲಿಪೂಜೆ, ಊಟ. ಅಲ್ಲಿಂದ ಮೌನ. ಫೋನುಗಳನ್ನು ಕಚೇರಿಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಊಟದ ಕೋಣೆಯ ಬಾಗಿಲಲ್ಲಿ ಒಂದು ಪ್ರಶ್ನೆ ಪೆಟ್ಟಿಗೆ ಇತ್ತು. ತಂಗಿಯ ಪ್ರಶ್ನೆಯನ್ನು ಅವಳ ಮಾತಲ್ಲೇ ಬರೆದು ಹಾಕಿದೆ.

ಶನಿವಾರ ಬೆಳಗಿನ ಪ್ರಬೋಧನೆ, ಅಂದರೆ ಪ್ರವಚನ, ಮಾಡಿದವರು ಕಪುಚಿನ್ ಎಂಬ ಸನ್ಯಾಸಿ ಸಭೆಯ ಒಬ್ಬ ಹಿರಿಯ ಗುರುಗಳು. ಎರಡು ಗಂಟೆ ಕೂತಲ್ಲೇ ಕೂತು ಕೇಳಿದೆವು, ಯಾರೂ ಅಲುಗಾಡಲಿಲ್ಲ. ಅವರು ಪೆಟ್ಟಿಗೆಯಿಂದ ಚೀಟಿಗಳನ್ನು ಮೊದಲೇ ತೆಗೆದು ಓದಿದ್ದರು. ತಂಗಿಯ ಪ್ರಶ್ನೆಯನ್ನು ಮೈಕಿನಲ್ಲಿ ಓದಿ, "ಇದನ್ನು ಬರೆದವರು ನೊಂದಿದ್ದಾರೆ. ಇವರಿಗೆ ಪುಸ್ತಕದ ಉತ್ತರ ಕೊಟ್ಟರೆ ಸಾಲದು" ಎಂದು ಶುರು ಮಾಡಿದರು.

ಅವರು ಹಿಡಿದದ್ದು ಲೂಕನ ಶುಭಸಂದೇಶದ ಇಬ್ಬರನ್ನು. ಒಬ್ಬ, 23ನೇ ಅಧ್ಯಾಯದಲ್ಲಿ ಯೇಸುವಿನ ಪಕ್ಕ ಶಿಲುಬೆಯಲ್ಲಿದ್ದ ಅಪರಾಧಿ. ಅಂದೇ ನೀನು ನನ್ನ ಜೊತೆ ಪರಂಧಾಮದಲ್ಲಿ, ಅಂದರೆ ಸ್ವರ್ಗದಲ್ಲಿ, ಇರುವೆ ಎಂದು ಯೇಸು ಅವನಿಗೆ ಮಾತು ಕೊಡುತ್ತಾರೆ. ಕೇಡು ಮಾಡಿದವನೂ ಕೊನೆ ಗಳಿಗೆಯಲ್ಲಿ ಸ್ವರ್ಗ ಸೇರಬಹುದು ಅನ್ನುವುದಕ್ಕೆ ಎಲ್ಲರೂ ತೋರಿಸುವುದು ಅವನನ್ನೇ. "ಆದರೆ ಅವನು ಬೇಡಿಕೊಳ್ಳುವ ಮುಂಚೆ ಏನು ಹೇಳಿದ, ನೋಡಿ" ಎಂದರು ಗುರುಗಳು. ನಮಗೆ ಆಗಿರುವ ಶಿಕ್ಷೆ ನ್ಯಾಯವಾದದ್ದೇ, ಮಾಡಿದ್ದಕ್ಕೆ ತಕ್ಕದ್ದನ್ನು ಅನುಭವಿಸುತ್ತಿದ್ದೇವೆ ಎನ್ನುತ್ತಾನೆ ಅವನು. ಶಿಕ್ಷೆ ತಪ್ಪಿಸು ಎಂದು ಕೇಳಿದವನು ಇನ್ನೊಬ್ಬ. ಈತ ಕೇಳಿದ್ದು ನೆನಪಿಸಿಕೋ ಎಂದಷ್ಟೇ.

ಇನ್ನೊಬ್ಬ, 19ನೇ ಅಧ್ಯಾಯದ ಜಕ್ಕಾಯ. ಜೆರಿಕೋ ಊರಿನ ಸುಂಕದವರ ಮುಖಂಡ, ದೊಡ್ಡ ಶ್ರೀಮಂತ. ಯೇಸು ಅವನ ಮನೆಗೆ ಬಂದಾಗ ಅವನು ಹೇಳಿದ್ದು ದುಡ್ಡಿನ ಲೆಕ್ಕ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡಿದ್ದರೆ ಒಂದಕ್ಕೆ ನಾಲ್ಕರಷ್ಟು ವಾಪಸ್. ಅದಾದ ಮೇಲೆಯೇ ಇಂದು ಈ ಮನೆಗೆ ಉದ್ಧಾರ ಬಂತು ಅನ್ನುವ ಮಾತು ಬರುತ್ತದೆ.

ಆಮೇಲೆ ಗುರುಗಳು ಎರಡೂ ಕೈ ಎತ್ತಿ ತೋರಿಸಿದರು. "ಶಿಲುಬೆಯ ಮೇಲಿದ್ದವನ ಕೈ ಕಟ್ಟಿಹೋಗಿತ್ತು. ಅವನು ಯಾರಿಗೂ ಏನೂ ವಾಪಸ್ ಕೊಡುವ ಹಾಗಿರಲಿಲ್ಲ. ಅವನಿಗೆ ಮಾತು ಸಾಕಾಯಿತು. ಜಕ್ಕಾಯನ ಕೈ ಬಿಡುವಾಗಿತ್ತು. ಅವನು ಕೈಯಿಂದ ಕೊಟ್ಟ. ಈಗ ನಿಮ್ಮ ಕೈ ನೋಡಿಕೊಳ್ಳಿ. ಕಟ್ಟಿದೆಯಾ, ಬಿಡುವಾಗಿದೆಯಾ?"

ನಾನು ಹುಟ್ಟಿದಾಗಿನಿಂದ ಕಥೋಲಿಕಳು. ಈ ಎರಡು ಕಥೆ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ಹೇಳಿರಲಿಲ್ಲ.

ಪೆಟ್ಟಿಗೆಗೆ ಹಾಕಿದ ಇನ್ನೊಂದು ಚೀಟಿಯಲ್ಲಿ ಯಾರೋ ಕೇಳಿದ್ದರು: ಹಾಗಾದರೆ ಜೀವನವೆಲ್ಲ ಬೇಕಾದ್ದು ಮಾಡಿ ಸಾಯುವಾಗ ಪಾಪನಿವೇದನೆ ಮಾಡಿದರೆ ಸಾಕಲ್ಲವೇ? ಇದು ಹೊಸ ಯೋಚನೆ ಅಲ್ಲ ಎಂದರು ಗುರುಗಳು. ಕ್ರೈಸ್ತರಾಗುವಾಗ ಪಡೆಯುವ ಜ್ಞಾನಸ್ನಾನ ಅದುವರೆಗಿನ ಪಾಪವನ್ನೆಲ್ಲ ತೊಳೆಯುತ್ತದೆ ಎಂದು, ನಾಲ್ಕನೇ ಶತಮಾನದಲ್ಲಿ ಎಷ್ಟೋ ಜನ ಅದನ್ನೇ ಮುಂದೂಡುತ್ತಿದ್ದರಂತೆ. ರೋಮಿನ ಕಾನ್‌ಸ್ಟಂಟೈನ್ ಚಕ್ರವರ್ತಿಗೂ ಜ್ಞಾನಸ್ನಾನ ಆದದ್ದು 337ರಲ್ಲಿ, ಸಾವಿನ ಹಾಸಿಗೆಯಲ್ಲಿ. ಅದಕ್ಕೆದುರಾಗಿ ಅವರು ಹೇಳಿದ್ದು ಅದೇ ಶತಮಾನದ ಇನ್ನೊಬ್ಬ ಚಕ್ರವರ್ತಿ ಥಿಯೋಡೋಸಿಯಸ್‌ನ ಕಥೆ. ಕ್ರಿ.ಶ. 390ರಲ್ಲಿ ಥೆಸಲೋನಿಕ ಪಟ್ಟಣದಲ್ಲಿ ದಂಗೆಯೆದ್ದು ಜನ ಅವನ ಸೇನಾಧಿಕಾರಿಯನ್ನು ಕೊಂದರು. ಸಿಟ್ಟಿಗೆ ಅವನು ಊರಿನ ಜನರನ್ನು ಕೊಲ್ಲಿಸಿದ. ಸತ್ತವರು 7,000 ಎಂದು ಹಳೆಯ ಇತಿಹಾಸಕಾರರೊಬ್ಬರು ಬರೆದಿದ್ದಾರೆ. ಥಿಯೋಡೋಸಿಯಸ್ ಜ್ಞಾನಸ್ನಾನ ಪಡೆದ ಕ್ರೈಸ್ತ, ಧರ್ಮಸಭೆಯ ರಕ್ಷಕ ಎಂದು ಹೆಸರಾದವನು. ಆದರೂ ಮಿಲಾನಿನ ಧರ್ಮಾಧ್ಯಕ್ಷ ಸಂತ ಆಂಬ್ರೋಸ್ ಅವನಿಗೆ ಪತ್ರ ಬರೆದು, ನೀನು ಇದ್ದರೆ ನಾನು ಬಲಿಪೂಜೆ ಅರ್ಪಿಸುವುದಿಲ್ಲ ಎಂದರು. ಚಕ್ರವರ್ತಿ ರಾಜವೇಷ ಕಳಚಿಟ್ಟು ಎಲ್ಲರ ಮುಂದೆ ಅತ್ತು ಪ್ರಾಯಶ್ಚಿತ್ತ ಮಾಡಿದ ಮೇಲೆಯೇ ಪರಮಪ್ರಸಾದ ಸಿಕ್ಕಿತು.

"ಬಾಗಿಲು ಮುಚ್ಚಿದ್ದು ಅವನನ್ನು ಕಳೆದುಕೊಳ್ಳುವುದಕ್ಕಲ್ಲ, ಉಳಿಸಿಕೊಳ್ಳುವುದಕ್ಕೆ" ಎಂದರು ಗುರುಗಳು. ನನಗೆ ಅನ್ನಿಸಿದ್ದು ಬೇರೆ. ಚಕ್ರವರ್ತಿಗೆ ಎದುರಾಡಿದ ಸಭೆ ನಮ್ಮದು. ಚೀಟಿ ನಡೆಸುವವರಿಗೆ, ಹಬ್ಬಕ್ಕೆ ದೊಡ್ಡ ಮೊತ್ತ ಕೊಡುವವರಿಗೆ ಒಂದು ಮಾತು ಹೇಳುವುದಕ್ಕೆ ಯಾಕೆ ಹಿಂಜರಿಯಬೇಕು?

ಪ್ರಬೋಧನೆಯಲ್ಲಿ ಶುದ್ಧೀಕರಣ ಸ್ಥಳದ ವಿಷಯವೂ ಬಂತು. ಕ್ಷಮೆ ಪಡೆದವರಿಗೂ ಸ್ವರ್ಗಕ್ಕೆ ಮುಂಚೆ ಶುದ್ಧಿ ಬೇಕಾಗಬಹುದು ಎಂಬ ನಮ್ಮ ನಂಬಿಕೆ ಅದು. ಅದನ್ನು ಬೇಗ ಮುಗಿಸಿ, ಧರ್ಮಸಭೆ 1992ರಲ್ಲಿ ಹೊರತಂದ ಧರ್ಮೋಪದೇಶ (ಕ್ಯಾಟೆಕಿಸಂ) ಗ್ರಂಥದ 1459ನೇ ಪರಿಚ್ಛೇದ ಓದಿದರು. ಪಾಪಕ್ಷಮೆ ಪಾಪವನ್ನು ಕಳೆಯುತ್ತದೆ, ಆದರೆ ಪಾಪ ಮಾಡಿಟ್ಟ ಹಾನಿಯನ್ನೆಲ್ಲ ಸರಿಪಡಿಸುವುದಿಲ್ಲ, ಕದ್ದದ್ದನ್ನು ಹಿಂದಿರುಗಿಸುವಂಥದ್ದನ್ನು ಆದಷ್ಟು ಮಾಡಲೇಬೇಕು ಎನ್ನುವುದು ಅದರ ತಾತ್ಪರ್ಯ. ನಾನು ಸಂಖ್ಯೆಯನ್ನು ಅಲ್ಲೇ ಬರೆದುಕೊಂಡೆ. ನೀವೂ ಬರೆದಿಟ್ಟುಕೊಳ್ಳಿ. "ದೇವರು ಕ್ಷಮಿಸಿದ್ದಾನೆ" ಎಂದು ಯಾರಾದರೂ ನಿಮ್ಮ ದುಡ್ಡು ಕೊಡದೆ ಜಾರಿಕೊಂಡರೆ ಬೇಕಾಗುತ್ತದೆ.

ಪಾಪನಿವೇದನೆಯ ವ್ಯವಸ್ಥೆ ಬಹಳ ಚೆನ್ನಾಗಿತ್ತು. ಶನಿವಾರ ಮಧ್ಯಾಹ್ನ ತೋಟದ ಮರಗಳ ಕೆಳಗೆ ದೂರದೂರ ಕುರ್ಚಿ ಹಾಕಿ ಗುರುಗಳು ಕೂತಿದ್ದರು. ಕನ್ನಡ, ತಮಿಳು, ಕೊಂಕಣಿ ಎಂದು ಬೋರ್ಡು ಇತ್ತು. ಸಾಲು ಉದ್ದವಿದ್ದರೂ ಯಾರನ್ನೂ ಅವಸರ ಮಾಡಲಿಲ್ಲ. ನಮ್ಮ ಧರ್ಮಕೇಂದ್ರದಲ್ಲಿ ಹಬ್ಬದ ಹಿಂದಿನ ದಿನ ನಿಮಿಷಕ್ಕೊಬ್ಬರಂತೆ ಮುಗಿಯುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ನನ್ನ ನಿವೇದನೆ ನನಗೂ ದೇವರಿಗೂ ಬಿಟ್ಟದ್ದು. ಅದು ಮುಗಿದ ಮೇಲೆ ಕೇಳಿದ್ದನ್ನು ಮಾತ್ರ ಹೇಳುತ್ತೇನೆ. "ಫಾದರ್, ಆ ಮನುಷ್ಯ ನಿಜವಾಗಲೂ ಪಾಪನಿವೇದನೆ ಮಾಡಿದ್ದರೆ, ಗುರುಗಳು ಹಣ ವಾಪಸ್ ಕೊಡು ಎಂದು ಹೇಳಿರುವುದಿಲ್ಲವೇ?" ಹೇಳಿರಬಹುದು, ಆದರೆ ಅದನ್ನು ಯಾವ ಗುರುವೂ ಯಾವತ್ತೂ ಹೊರಗೆ ಹೇಳುವಂತಿಲ್ಲ ಎಂದರು. ನಿವೇದನೆಯ ಗುಟ್ಟು ಒಡೆಯುವುದು ಧರ್ಮಸಭೆಯ ಕಾನೂನಿನಲ್ಲಿ ಅತಿ ದೊಡ್ಡ ಅಪರಾಧ. ಹಾಗಾಗಿ ಆ ಕಡೆಯಿಂದ ತಂಗಿಗೆ ಸಹಾಯ ಬರುವುದಿಲ್ಲ.

"ತಂಗಿ ಕ್ಷಮಿಸಬೇಕಾ?" ಎಂದೆ.

"ಕ್ಷಮಿಸಲಿ. ದುಡ್ಡನ್ನೂ ಕೇಳಲಿ. ದೂರು ಕೊಡುವುದಿದ್ದರೆ ಕೊಡಲಿ. ಒಂದು ಇನ್ನೊಂದಕ್ಕೆ ಅಡ್ಡಿ ಅಲ್ಲ." ಎರಡನೇ ಜಾನ್ ಪಾಲ್ ಜಗದ್ಗುರುಗಳನ್ನು (ಪೋಪ್) ನೆನಪಿಸಿದರು. 1981ರ ಮೇ 13ರಂದು ಅವರಿಗೆ ಗುಂಡು ಹೊಡೆದ ಅಲಿ ಅಗ್ಜಾನನ್ನು ಅವರು 1983ರ ಕೊನೆಯಲ್ಲಿ ಜೈಲಿಗೇ ಹೋಗಿ ಕಂಡರು. ಕ್ಷಮಿಸಿಯೂ ಆಗಿತ್ತು. ಆದರೂ ಇಟಲಿಯ ಜೈಲಿನಿಂದ ಅವನಿಗೆ ಬಿಡುಗಡೆ ಸಿಕ್ಕಿದ್ದು 2000ದಲ್ಲಿ. "ಕ್ಷಮೆ ಕೊಟ್ಟ ದಿನವೇ ಜೈಲಿನ ಬಾಗಿಲು ತೆರೆಯಲಿಲ್ಲ, ಅಲ್ವಾ?" ಎಂದರು. ಮನೆಗೆ ಹೋದ ಮೇಲೆ ತಂಗಿಗೆ ನಾನು ಮೊದಲು ಹೇಳಿದ್ದು ಈ ಮಾತನ್ನೇ. ಹಣ ಕೇಳಿದರೆ ತನ್ನಲ್ಲಿ ಕ್ಷಮೆ ಇಲ್ಲ ಎಂದಾಗುತ್ತದೇನೋ ಎಂದು ಅವಳು ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದಳು. ಎಷ್ಟು ಹೆಂಗಸರು ಹೀಗೆ ಸುಮ್ನೆ ಇದ್ದಾರೋ.

ಇನ್ನು ದೂರು.

ಶನಿವಾರ ರಾತ್ರಿ ಆರಾಧನೆ, ಸೌಖ್ಯ ಪ್ರಾರ್ಥನೆ. ಮೈಕಿನ ಶಬ್ದ ಕಿವಿಗೆ ಹೊಡೆಯುವಷ್ಟು ಜಾಸ್ತಿ. ಹಿಂದಿನ ಸಾಲಿನ ವಯಸ್ಸಾದ ಅಮ್ಮಂದಿರು ಎದ್ದು ಹೊರಗೆ ಹೋದರು. ಇದನ್ನು ಸರಿಪಡಿಸುವುದು ಸುಲಭ. ದೇವರು ತಮ್ಮ ಬದುಕು ಬದಲಿಸಿದ್ದನ್ನು ಜನ ವೇದಿಕೆಯಲ್ಲಿ ಹೇಳುವ, ಭಾನುವಾರ ಬೆಳಗಿನ ಸಾಕ್ಷ್ಯದ ಕಾರ್ಯಕ್ರಮ ಹಾಗಲ್ಲ, ಅದು ನನ್ನನ್ನು ನಿಜವಾಗಿ ನೋಯಿಸಿತು. ಒಬ್ಬ ಗಂಡಸು ವೇದಿಕೆಗೆ ಬಂದು, ತಾನು ಕುಡಿದು ಬಂದು ವರ್ಷಗಟ್ಟಲೆ ಹೆಂಡತಿಯನ್ನು ಹೊಡೆದದ್ದನ್ನೂ, ಕಳೆದ ವರ್ಷ ಇದೇ ಹಾಲ್‌ನಲ್ಲಿ ಯೇಸು ತನ್ನನ್ನು ಮುಟ್ಟಿದ್ದನ್ನೂ ಹೇಳಿದರು. ಕುಡಿತ ಬಿಟ್ಟಿದ್ದಾರೆ. ಬಹಳ ಸಂತೋಷ, ಆ ಸಂತೋಷದಲ್ಲಿ ನನಗೆ ಒಂದಿಷ್ಟೂ ಕೊಂಕಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ಅಲ್ಲೆಲೂಯ ಹಾಡಿದರು. ನಡೆಸಿಕೊಡುತ್ತಿದ್ದವರು, "ನೋಡಿ, ಇಂಥವರಿಗೂ ಸ್ವರ್ಗ ಖಚಿತ!" ಎಂದರು.

ಆ ಹೆಂಡತಿ ನನ್ನಿಂದ ಎರಡು ಸಾಲು ಮುಂದೆ ಕೂತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಮೈಕು ಅವರ ಕೈಗೆ ಹೋಗಲಿಲ್ಲ. ಅವರ ಕಡೆ ತಿರುಗಿ ಗಂಡ ಒಂದು ಮಾತು ಆಡಲಿಲ್ಲ. ದೇವರ ಹತ್ತಿರ ಕ್ಷಮೆ ಕೇಳಿದ್ದನ್ನು ಮೂರು ಸಲ ಹೇಳಿದ ಮನುಷ್ಯ ಹೆಂಡತಿಯ ಹತ್ತಿರ ಕೇಳಿದ್ದನ್ನು ಒಂದು ಸಲವೂ ಹೇಳಲಿಲ್ಲ. ಮನೆಯಲ್ಲಿ ಕೇಳಿರಬಹುದು. ಹಾಗಿದ್ದರೆ ಅದನ್ನೇ ಅಲ್ಲವೇ ವೇದಿಕೆಯಲ್ಲಿ ಮೊದಲು ಹೇಳಬೇಕಾದದ್ದು? ಕಾಣಿಕೆ ಕೊಡಲು ಪೀಠದ ಹತ್ತಿರ ಹೋದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪ ಇದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಯೇಸುವೇ ಹೇಳಿದ್ದಾರೆ, ಮತ್ತಾಯನ 5ನೇ ಅಧ್ಯಾಯದಲ್ಲಿ. ಸ್ವರ್ಗ ಖಚಿತ ಎಂದು ಸರ್ಟಿಫಿಕೇಟು ಕೊಡುವ ಅಧಿಕಾರ ಆ ನಿರೂಪಕರಿಗೆ ಎಲ್ಲಿಂದ ಬಂತು? ಶನಿವಾರ ಬೆಳಗ್ಗೆ ಗುರುಗಳು ಅಷ್ಟು ಎಚ್ಚರದಿಂದ ಕಟ್ಟಿದ್ದನ್ನು ಭಾನುವಾರ ಬೆಳಗ್ಗೆ ಒಂದೇ ಮಾತಲ್ಲಿ ಕೆಡವಿಬಿಟ್ಟರು.

ಸಾಕ್ಷ್ಯ ಹೇಗಿರಬೇಕು ಎಂದರೆ ನನಗೆ ಸಂತ ಮರಿಯ ಗೊರೆಟ್ಟಿಯ ಕಥೆ ನೆನಪಾಗುತ್ತದೆ. 1902ರಲ್ಲಿ ಇಟಲಿಯಲ್ಲಿ ಹನ್ನೊಂದು ವರ್ಷದ ಆ ಹುಡುಗಿಯನ್ನು ಇರಿದು ಕೊಂದವನು ಅಲೆಸಾಂದ್ರೊ ಸೆರೆನೆಲ್ಲಿ. 27 ವರ್ಷ ಜೈಲಿನಲ್ಲಿದ್ದ. ಹೊರಗೆ ಬಂದ ಮೇಲೆ ಅವನು ಹುಡುಗಿಯ ತಾಯಿ ಅಸ್ಸುಂತಾ ಇದ್ದಲ್ಲಿಗೆ ಹೋಗಿ, ಎದುರು ನಿಂತು ಕ್ಷಮೆ ಕೇಳಿದ. ಆ ತಾಯಿ ಕ್ಷಮಿಸಿದರು. ಇಬ್ಬರೂ ಜೊತೆಯಲ್ಲೇ ಪರಮಪ್ರಸಾದ ಸ್ವೀಕರಿಸಿದರು. ಉಳಿದ ಬದುಕನ್ನು ಅವನು ಕಪುಚಿನ್ ಮಠದಲ್ಲಿ ತೋಟದ ಕೆಲಸ ಮಾಡಿಕೊಂಡು ಕಳೆದ. ಇದರಲ್ಲಿ ತಾಯಿಗೆ ಜಾಗ ಇದೆ. ಅವರನ್ನು ಬಿಟ್ಟು ಕಥೆ ಮುಂದೆ ಹೋಗುವುದೇ ಇಲ್ಲ.

ಸೋಮವಾರ ಬ್ಯಾಂಕಿನಲ್ಲಿ ಇದನ್ನೆಲ್ಲ ಪಕ್ಕದ ಕೌಂಟರಿನ ಸಹೋದ್ಯೋಗಿಗೆ ಹೇಳಿದೆ. ಅವರು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟೆಂಟ್ ಸಭೆಯವರು. ನೀವು ಕಥೋಲಿಕರು ಕಾರ್ಯಕ್ಕೆ ಒತ್ತು ಕೊಡುತ್ತೀರಿ, ನಾವು ಕೃಪೆ ಮತ್ತು ನಂಬಿಕೆಯಿಂದಲೇ ರಕ್ಷಣೆ ಎನ್ನುತ್ತೇವೆ ಎಂದು ಶುರು ಮಾಡಿ, ಅವರೇ ಮುಂದುವರಿದು ಹೇಳಿದರು: ಆದರೆ ಸುಮ್ನೆ ಬಾಯಲ್ಲಿ ನಂಬಿದ್ದೇನೆ ಎಂದರೆ ನಂಬಿಕೆ ಆಗುವುದಿಲ್ಲ. ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ 1517ರಲ್ಲಿ ಬರೆದ 95 ವಾದಗಳಲ್ಲಿ ಮೊದಲನೆಯದೇ ಕ್ರೈಸ್ತನ ಇಡೀ ಬದುಕು ಪಶ್ಚಾತ್ತಾಪ ಆಗಿರಬೇಕು ಎನ್ನುವುದಂತೆ. ಆಮೇಲೆ ಹೆನ್ರಿ ಗೆರೆಕಿ ಎಂಬ ಲೂಥರನ್ ಪಾದ್ರಿಯ ವಿಷಯ ಹೇಳಿದರು. ಅಮೆರಿಕದವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ನ್ಯೂರೆಂಬರ್ಗ್ ಜೈಲಿನಲ್ಲಿ ಹಿಟ್ಲರನ ಸಹಚರರಿಗೆ ಪಾದ್ರಿಯಾಗಿ ಕೆಲಸ ಮಾಡಿದರು. ಅವರ ಸ್ವಂತ ಮಕ್ಕಳೇ ಯುದ್ಧದಲ್ಲಿ ಗಾಯಗೊಂಡಿದ್ದರು. ನಿಜವಾಗಿ ಪಶ್ಚಾತ್ತಾಪಪಟ್ಟಿದ್ದಾರೆ ಎಂದು ಮನಸ್ಸಿಗೆ ಬಂದ ಕೆಲವು ಕೈದಿಗಳಿಗೆ ಪ್ರಭುಭೋಜನ (ನಮ್ಮ ಪರಮಪ್ರಸಾದಕ್ಕೆ ಅವರು ಹೇಳುವ ಹೆಸರು) ಕೊಟ್ಟರು. 1946ರ ಅಕ್ಟೋಬರ್ 15ರ ರಾತ್ರಿ, ಗಲ್ಲಿಗೇರಬೇಕಿದ್ದ ಹಿಟ್ಲರನ ಆಪ್ತ ಗೋರಿಂಗ್ ಕೂಡ ಕೇಳಿದ. ಆದರೆ ಅವನಿಗೆ ಯೇಸುವಿನಲ್ಲಿ ನಂಬಿಕೆಯೇ ಇರಲಿಲ್ಲ. ಗೆರೆಕಿ ಕೊಡಲಿಲ್ಲ. ಅದೇ ರಾತ್ರಿ ಗೋರಿಂಗ್ ವಿಷ ನುಂಗಿ ಸತ್ತ.

ಆ ಕೈದಿಗಳು ಸ್ವರ್ಗ ಸೇರಿದರೋ ಇಲ್ಲವೋ, ನಾವಿಬ್ಬರೂ ಹೇಳಲಾರೆವು. ಸೇರಿರಲಿಕ್ಕೆ ಸಾಧ್ಯ ಎಂದು ಒಪ್ಪಿಕೊಳ್ಳುವುದು ನನಗೆ ಸುಲಭವಲ್ಲ. ಆದರೂ ಒಪ್ಪುತ್ತೇನೆ. ಅದನ್ನು ಒಪ್ಪದಿದ್ದರೆ ಶಿಲುಬೆಯ ಮೇಲಿನ ಆ ಕಳ್ಳನನ್ನೂ ಬಿಟ್ಟುಕೊಡಬೇಕಾಗುತ್ತದೆ. ನಮ್ಮ ಚೀಟಿಯವರಿಗೂ ಆ ದಾರಿ ತೆರೆದಿದೆ ಎಂದೇ ನಂಬುತ್ತೇನೆ. ಆದರೆ ಅವರ ಕೈ ಬಿಡುವಾಗಿದೆ. ಮನೆಯ ಎರಡನೇ ಮಹಡಿ ಬಾಡಿಗೆಗೆ ಹೋಗಿದೆ, ತಿಂಗಳು ತಿಂಗಳು ಬಾಡಿಗೆ ಬರುತ್ತಿದೆ. ಅದರಲ್ಲಿ ಅರ್ಧವನ್ನಾದರೂ ಹೆಂಗಸರಿಗೆ ಹಂಚಬಹುದು. ಅದನ್ನು ಮಾಡದೆ "ಪ್ರಭೂ, ಪ್ರಭೂ" ಎಂದು ಕರೆಯುವವರಿಗೆ ಏನು ಉತ್ತರ ಸಿಗುತ್ತದೆ ಎಂದು ಮತ್ತಾಯನ 7ನೇ ಅಧ್ಯಾಯದಲ್ಲಿದೆ: ನೀವು ಯಾರೋ ನನಗೆ ಗೊತ್ತಿಲ್ಲ, ದೂರ ಹೋಗಿ. ಅವರು ವಾಚನ ಓದುವವರು, ಅವರಿಗೂ ಗೊತ್ತು.

ಕೇಂದ್ರಕ್ಕೆ ನಾನು ಪತ್ರ ಬರೆದಿದ್ದೇನೆ. ಸಾಕ್ಷ್ಯ ಹೇಳುವವರನ್ನು ವೇದಿಕೆಗೆ ಹತ್ತಿಸುವ ಮುಂಚೆ ನೊಂದವರ ಜೊತೆ ಮಾತಾಡಿ, ಅವರ ಒಪ್ಪಿಗೆ ಕೇಳಿ ಎಂದಿದ್ದೇನೆ. ನಿರೂಪಕರು ಯಾರ ಸ್ವರ್ಗವನ್ನೂ ಘೋಷಿಸಬಾರದು ಎಂದೂ ಬರೆದಿದ್ದೇನೆ. ಉತ್ತರ ಬಂದಿದೆ, ಮುಂದಿನ ಕೂಟದ ಮುಂಚೆ ಚರ್ಚಿಸುತ್ತೇವೆ ಎಂದಿದ್ದಾರೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಶನಿವಾರದ ಪ್ರಬೋಧನೆ ಮತ್ತು ಪಾಪನಿವೇದನೆಗೆ ಪೂರ್ತಿ ಅಂಕ, ಕಳೆದದ್ದು ಭಾನುವಾರ ಬೆಳಗ್ಗೆಗೆ. ಯಾರಿಂದಲೋ ಮೋಸಹೋಗಿ ಮನಸ್ಸು ಕಹಿಯಾಗಿರುವವರು ಖಂಡಿತ ಹೋಗಿ. ಮೋಸ ಮಾಡಿ ನಿದ್ದೆ ಬಾರದವರೂ ಹೋಗಿ, ನಿಮಗಾಗಿಯೇ ಆ ಮರದ ಕೆಳಗಿನ ಕುರ್ಚಿ ಇದೆ. ಹೊದಿಕೆ, ಟಾರ್ಚ್, ಸ್ವಂತ ಬೈಬಲ್ ತೆಗೆದುಕೊಂಡು ಹೋಗಿ. ಪ್ರಶ್ನೆಯನ್ನು ಶುಕ್ರವಾರ ರಾತ್ರಿಯೇ ಪೆಟ್ಟಿಗೆಗೆ ಹಾಕಿ, ಶನಿವಾರ ಹಾಕಿದವರಿಗೆ ಸಮಯ ಸಾಲಲಿಲ್ಲ. ತಪಸ್ಸುಕಾಲದ ಕೂಟಗಳು ಬೇಗ ತುಂಬುತ್ತವೆ, ತಿಂಗಳು ಮುಂಚೆಯೇ ಹೆಸರು ಬರೆಸಿ, ಮತ್ತು ಕನ್ನಡದ ಕೂಟ ಯಾವ ವಾರ ಎಂದು ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.